ಅಂಟಿಗೆ ಉಪ್ಪು ಕಮ್ಮಿ

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಡೇ ಸೆಂಟರಿನಲ್ಲಿ. ಬೌದ್ಧಿಕ ವಿಕಲತೆ ಇರುವ ದೊಡ್ಡವರು ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತಾರೆ, ದುಡಿಯುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಅವರು ದೊಡ್ಡವರು ಅನ್ನುವುದೇ ಹೊರಗಿನವರ ತಲೆಗೆ ಹೋಗುವುದಿಲ್ಲ. ಕೇಕ್ ಹಿಡಿದು ಬರುವ ದಾನಿಗಳು ಬಾಗಿಲಲ್ಲೇ ಕೇಳುತ್ತಾರೆ, "ಮಕ್ಕಳೆಲ್ಲಿ?" ಎದುರಿಗೇ ಕೂತಿರುತ್ತಾರೆ, ನರೆತ ಮೀಸೆ, ಬಿಪಿ ಮಾತ್ರೆ ಸಮೇತ. ಒಮ್ಮೆ ಒಬ್ಬ ಮಹನೀಯರು ನಮ್ಮ ಹಿರಿಯ ಟ್ರೇನಿಯ ಗಲ್ಲ ಹಿಡಿದು, "ಯಾವ ಕ್ಲಾಸು ಪುಟ್ಟಾ?" ಎಂದರು. ಇವರು ಗಂಭೀರವಾಗಿ, "ನಿಮ್ದು?" ಎಂದರು.

ನಮ್ಮ ಬೀರು ತುಂಬ ಕ್ರೇಯಾನ್ ಡಬ್ಬಗಳಿವೆ. ಶೇವಿಂಗ್ ಸೆಟ್ ತಂದುಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

ನಮ್ಮಲ್ಲಿ ಮುಖ್ಯ ಕೆಲಸ ಪೇಪರ್ ಕವರ್. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದದ್ದು ನಮ್ಮಂಥವರಿಗೆ ಒಳ್ಳೆಯದೇ ಆಯಿತು. ಹಳೇ ಪತ್ರಿಕೆಯ ಕವರ್ ಮೆಡಿಕಲ್ ಶಾಪಿಗೆ ಹೋಗುತ್ತದೆ. ಬಜ್ಜಿ ಅಂಗಡಿಗೆ ಕೊಡುವುದಿಲ್ಲ, ಶಾಯಿ ತಿಂಡಿಗೆ ಹತ್ತುತ್ತದೆ. ಅಂಟು ನಾವೇ ಕಾಯಿಸುತ್ತೇವೆ, ಮೈದಾ ಮತ್ತು ನೀರು ಅಷ್ಟೇ. ಹುಳ ಬೀಳದಿರಲಿ ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ನಮ್ಮಲ್ಲಿ ಆಗದು. ಯಾಕೆಂದರೆ ಕ್ವಾಲಿಟಿ ಚೆಕ್ ಮಾಡುವ ಅಕ್ಕ ಒಬ್ಬರಿದ್ದಾರೆ. ದಿನಾ ಬೆಳಿಗ್ಗೆ ಬೆರಳದ್ದಿ, ನೆಕ್ಕಿ, ತೀರ್ಪು ಕೊಡುತ್ತಾರೆ: "ಉಪ್ಪು ಕಮ್ಮಿ." ಒಂದು ದಿನ ಅಡುಗೆಯವರು ಅಂಟಿನ ಪಾತ್ರೆಯನ್ನು ಗಂಜಿ ಅಂದುಕೊಂಡು ಒಗ್ಗರಣೆ ಹಾಕಿಬಿಟ್ಟರು. ಅಕ್ಕನಿಗೆ ಅವತ್ತು ಪೂರ್ತಿ ಸಮಾಧಾನ. ಕವರುಗಳು ಮಾತ್ರ ಸಾಸಿವೆ, ಕರಿಬೇವಿನ ಘಮದೊಂದಿಗೆ ಹೋದವು. ಮೆಡಿಕಲ್ ಶಾಪಿನವರು ಫೋನ್ ಮಾಡಿ, "ಮೇಡಂ, ಗಿರಾಕಿಗಳು ಮಾತ್ರೆ ಬಿಟ್ಟು ಕವರ್ ಮೂಸ್ತಾ ಇದಾರೆ" ಎಂದರು.

ಇನ್ನೊಂದು ಸಂಕಟ ಮಾರ್ಚ್ ತಿಂಗಳದ್ದು. 17ನೇ ತಾರೀಖು ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬ. ಆಮೇಲೆ ರದ್ದಿಗೆ ಬರುವ ಪೇಪರಿನ ತುಂಬ ಅಪ್ಪು ನಗುತ್ತಿರುತ್ತಾರೆ. ನಮ್ಮ ಕಟಿಂಗ್ ವಿಭಾಗದ ಮುಖ್ಯಸ್ಥರು ಅಭಿಮಾನಿ. ಅಪ್ಪು ಮುಖದ ಮೇಲೆ ಕತ್ತರಿ ಆಡಬಾರದು, ಮಡಿಕೆ ಬೀಳಬಾರದು, ಅಂಟಂತೂ ಸೋಕಲೇಬಾರದು. ಆ ಹಾಳೆಗಳೆಲ್ಲ ಅವರ ಬ್ಯಾಗಿಗೆ. ಆರ್ಡರ್ ತಡವಾದದ್ದಕ್ಕೆ ಅಂಗಡಿಯವರಿಗೆ ನಿಜವನ್ನೇ ಹೇಳಿದೆ. ಅವರು ಕೌಂಟರಿನ ಹಿಂದಿನ ಅಪ್ಪು ಫೋಟೋ ನೋಡಿ, "ಪರವಾಗಿಲ್ಲ, ನಿಧಾನಕ್ಕೆ ಕೊಡಿ" ಎಂದರು!

ಇಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ವ್ಯಾನ್ ತಡವಾದಾಗ ಡ್ರೈವರ್ ಅಣ್ಣ, "ಟೈರ್ ಪಂಚರ್ ಮೇಡಂ" ಅಂತ ಶುರು ಮಾಡುತ್ತಾರೆ. ಹಿಂದಿನ ಸೀಟಿನಿಂದ ಇಳಿಯುತ್ತಲೇ ಒಬ್ಬರು ಹೇಳುತ್ತಾರೆ, "ಅಣ್ಣ ಎರಡು ಟೀ ಕುಡಿದ್ರು. ನಂಗೆ ಬನ್ನು ಕೊಡಿಸ್ಲಿಲ್ಲ." ಈಗ ಡ್ರೈವರ್ ಅಣ್ಣ ಬನ್ನು ಕೊಡಿಸುತ್ತಾರೆ. ಆದರೂ ವರದಿ ಬರುತ್ತದೆ: "ಇವತ್ತು ಬನ್ನು ಚೆನ್ನಾಗಿತ್ತು."

ಬ್ಯಾಂಕಿಗೆ ಹೋಗುವುದು ಬೇರೆಯದೇ ಪುರಾಣ. ಹದಿನೆಂಟು ತುಂಬಿದವರ ವ್ಯವಹಾರಕ್ಕೆ ಪೋಷಕರ ಸಹಿ ಸಾಕಾಗುವುದಿಲ್ಲ ಅಂತ ಕೆಲವು ಕಡೆ ತಕರಾರು ತೆಗೆಯುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಇರುವ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಅದರ ಕಾಗದ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಎಲ್ಲದರ ಜೆರಾಕ್ಸು ಹೊತ್ತುಕೊಂಡು ನಮ್ಮ ಕಟಿಂಗ್ ಮುಖ್ಯಸ್ಥರ ಜೊತೆ ಖಾತೆ ತೆರೆಯಲು ಹೋಗಿದ್ದೆ, ಅವರ ಅಮ್ಮನೂ ಇದ್ದರು. ಗುಮಾಸ್ತರು ಮುಖ್ಯಸ್ಥರನ್ನು ಬಿಟ್ಟು ನನ್ನನ್ನೇ ಕೇಳಿದರು, "ಇವ್ರಿಗೆ ಸೈನ್ ಮಾಡೋಕೆ ಬರುತ್ತಾ?" ದಾರ ಕಟ್ಟಿದ ಪೆನ್ನನ್ನು ಆಗಲೇ ಕಾಗದದ ಮೇಲೆ ಗೀಚಿ ಗೀಚಿ ಸಾಕಾಗಿದ್ದ ಇವರು ತಲೆ ಎತ್ತಿದರು. "ನಂಗೆ ಬರುತ್ತೆ. ನಿಮ್ ಪೆನ್ನಿಗೆ ಬರಲ್ಲ."

ಖಾತೆ ಆಯಿತು. ಈಗ ಸ್ಟೈಪೆಂಡ್ ಬಿದ್ದ ಕೂಡಲೇ ಪಾಸ್‌ಬುಕ್ ಎಂಟ್ರಿ ಆಗಲೇಬೇಕು, ಅದೂ ಅದೇ ದಿನ. ಎಂಟ್ರಿ ಮಾಡುವ ಯಂತ್ರ ಕೆಟ್ಟಿರುವುದೇ ಜಾಸ್ತಿ. ಕಳೆದ ಸಲವೂ ಕೆಟ್ಟಿತ್ತು. ಅವರು ಅದನ್ನು ಸುತ್ತಲೂ ನೋಡಿದರು, ಪಕ್ಕಕ್ಕೆ ಮೆಲ್ಲಗೆ ತಟ್ಟಿದರು. ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದರು, "ಸಾರ್, ಇದನ್ನ ನಮ್ಮ ಸೆಂಟರಿಗೆ ಕಳಿಸಿ. ಮಿಸ್ಸು ಟ್ರೇನಿಂಗ್ ಕೊಡ್ತಾರೆ."