ಆರು ಲಕ್ಷದ ಶೇಷ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ಉಡುಪಿ ಕಡೆಯ ನಮ್ಮ ಜನ ಕಾರು ಕೊಳ್ಳುವ ಕ್ರಮ ಬದಲಾಗಿದೆ. ಮೊದಲು ನಂಬರು, ಆಮೇಲೆ ಬಣ್ಣ, ಗಾಡಿ ಯಾವುದೆಂಬುದು ಕೊನೆಗೆ. ಕಲ್ಯಾಣ ಆರ್‌ಟಿಒದಲ್ಲಿ ಪ್ಲೇಟು ನಂಬರುಗಳ ಹೊಸ ಸೀರೀಸ್ ತೆರೆಯುವುದನ್ನು ಕಾಯುವ ಶೆಟ್ರು, ಹೋಟೆಲಿನ ಇಡ್ಲಿ ಹಿಟ್ಟು ಹುಳಿ ಬಂತೇ ಎಂದೂ ಅಷ್ಟು ಆತಂಕಪಟ್ಟವರಲ್ಲ.

2024ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಸರಕಾರ ಈ ಆತಂಕಕ್ಕೆ ಹೊಸ ದರ ಕಟ್ಟಿತು. ಮುಂಬಯಿ, ಪುಣೆಯಂಥ ಗಿರಾಕಿ ಹೆಚ್ಚಿರುವ ಕಡೆ ನಾಲ್ಕು ಚಕ್ರದ ಗಾಡಿಗೆ 0001 ಬೇಕಾದರೆ 6 ಲಕ್ಷ. ಚಾಲ್ತಿ ಸೀರೀಸಿನಲ್ಲಿ ಅದು ಹೋಗಿ, ಬೇರೆ ಸೀರೀಸಿನಿಂದ ತೆಗೆಸಬೇಕಾದರೆ 18 ಲಕ್ಷ. ಒಂದೇ ನಂಬರಿಗೆ ಇಬ್ಬರು ಬಿದ್ದರೆ ಮುಚ್ಚಿದ ಲಕೋಟೆ, ಒಳಗೆ ಡಿಡಿ, ದಪ್ಪ ಡಿಡಿಯವನಿಗೆ ಜಯ. ಗೆದ್ದ ನಂಬರನ್ನು ಹೆಂಡತಿ, ಮಗ, ಮಗಳ ಹೆಸರಿಗೆ ಮಾಡಿಕೊಡಲೂ ಈಗ ಅವಕಾಶ ಉಂಟು. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನವರಿಗೆ ಮಾತ್ರ ಅನ್ಯಾಯ: ಪಟ್ಟಿಯಲ್ಲಿ ಸೋದರಳಿಯನಿಲ್ಲ.

ಲಕೋಟೆಗೆ ಮುಂಚೆ ಸಂಖ್ಯಾಶಾಸ್ತ್ರಿಗಳ ದರ್ಶನ. ಅವರ ಶಾಸ್ತ್ರ ಸರಳ. ಅಂಕೆಗಳನ್ನು ಕೂಡಿಸಿ, ಒಂದೇ ಅಂಕೆ ಉಳಿಯುವ ತನಕ ಮತ್ತೆ ಮತ್ತೆ ಕೂಡಿಸಿ. ಇದು ಬರೀ 9ರಿಂದ ಭಾಗಿಸಿದಾಗ ಉಳಿಯುವ ಶೇಷ, ಅಷ್ಟೇ. ಶೇಷ ಸೊನ್ನೆಯಾದರೆ ಅದನ್ನೇ 9 ಅನ್ನುತ್ತಾರೆ. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುವುದರಿಂದ ಹೀಗಾಗುತ್ತದೆ. ನಮಗೆ ಎಂಟೇ ಬೆರಳಿದ್ದು ಎಂಟೆಂಟರಲ್ಲಿ ಎಣಿಸುತ್ತಿದ್ದರೆ 9ರ ಪಟ್ಟ 7ಕ್ಕೆ ಸಿಗುತ್ತಿತ್ತು. ಗುಣಾಕಾರ ತಾಳೆ ನೋಡಲು ಹಳೆಯ ಮೇಷ್ಟ್ರುಗಳು ಇದನ್ನೇ ಕಲಿಸುತ್ತಿದ್ದರು, ಜೊತೆಗೆ ಅದರ ದೋಷವನ್ನೂ: ಅಂಕೆಗಳು ಅದಲುಬದಲಾದರೆ ಈ ತಾಳೆಗೆ ಗೊತ್ತೇ ಆಗುವುದಿಲ್ಲ. 4015 ಕೂಡ 0001ರ ಹಾಗೆ 1ಕ್ಕೇ ಬರುತ್ತದೆ, ಆದರೆ ಅದಕ್ಕೆ ಯಾರೂ ಲಕೋಟೆ ಹಾಕುವುದಿಲ್ಲ.

0001ರಿಂದ 9999ರವರೆಗೆ ಒಂದೊಂದು ಶೇಷಕ್ಕೂ ಸರಿಯಾಗಿ 1111 ನಂಬರುಗಳು. ಶನಿಗೆ ಬಿಟ್ಟ 8ಕ್ಕೂ ಅಷ್ಟೇ ಪಾಲು. ಆ 8ರ ಗಾಡಿಗಳೆಲ್ಲ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ 9ರ ಗಾಡಿಗಳ ಪಕ್ಕದಲ್ಲೇ, ಅಷ್ಟೇ ಹೊತ್ತು ನಿಂತಿರುತ್ತವೆ.

ನಾಲ್ಕು ಅಂಕೆ ಕೈಕೊಟ್ಟರೆ ಶಾಸ್ತ್ರಿಗಳು ರಾಜ್ಯದ ಅಕ್ಷರಗಳನ್ನೂ ಲೆಕ್ಕಕ್ಕೆ ಎಳೆಯುತ್ತಾರೆ. ಅಕ್ಷರಕ್ಕೆ ಬೆಲೆ ಹೇಳುವ ಪಟ್ಟಿಯ ಹೆಸರು ಕಾಲ್ಡಿಯನ್. ಅದನ್ನು ಜನಪ್ರಿಯ ಮಾಡಿದವರು ಐರ್ಲೆಂಡಿನ ಕೈನೋಟದ ಭವಿಷ್ಯಗಾರ ಕೀರೋ (1866–1936). ಇಲ್ಲಿ ಮಾರುವಾಗ ಅದು ‘ನಮ್ಮ ಪ್ರಾಚೀನ ವಿದ್ಯೆ’. ಅದರಲ್ಲಿ ಎಂಗೆ 4, ಎಚ್‌ಗೆ 5. ಕೂಡಿದರೆ 9. ಶೇಷದ ಲೆಕ್ಕದಲ್ಲಿ 9 ಸೇರಿಸುವುದೂ ಒಂದೇ, ಬಿಡುವುದೂ ಒಂದೇ. ಅಂದರೆ ಇಡೀ ಮಹಾರಾಷ್ಟ್ರದ ಬೆಲೆ ಸೊನ್ನೆ! ಊರಿನ ಕೆಎ 20 ಚೆನ್ನಾಗಿತ್ತು ಎನ್ನುವವರಿಗೆ: ಕೆಗೆ 2, ಎಗೆ 1, ಮುಂದೆ 2 ಮತ್ತು 0, ಒಟ್ಟು 5. ಎಂಎಚ್ 05ಕ್ಕೆ 14, ಅಂದರೆ ಅದೂ 5. ಉಡುಪಿಯೂ ಕಲ್ಯಾಣವೂ ಒಂದೇ ರಾಶಿ. ಅಷ್ಟು ದೂರ ಬಂದದ್ದು ದಂಡ.

ಆಮೇಲೆ ಹೆಸರಿನ ರಿಪೇರಿ. ಇಂಗ್ಲಿಷಿನಲ್ಲಿ ಶೆಟ್ಟಿ ಎಂದರೆ ಎಸ್ 3, ಎಚ್ 5, ಇ 5, ಎರಡು ಟಿಗೆ 8, ವೈ 1. ಒಟ್ಟು 22, ಅಂದರೆ 4. ನಾಲ್ಕು ಬೇಡವೆಂದು ವೈ ತೆಗೆದು ಐ ಹಾಕಿದರೆ ಐಗೂ 1, ಮತ್ತೆ 22. ಹಟಕ್ಕೆ ಬಿದ್ದು ಕೊನೆಯ ಐ ಜಾಗಕ್ಕೆ ಎರಡು ಇ ಹಾಕಿದರೆ 31, ಮತ್ತೆ 4. ಪ್ಯಾನ್, ಆಧಾರ್, ಪಾಸ್‌ಬುಕ್ಕು, ಹೋಟೆಲಿನ ಬೋರ್ಡು ಎಲ್ಲ ಬದಲಾಯಿಸಿದ್ದಷ್ಟೇ ಬಂತು. ಅಕ್ಷರಕ್ಕೆ ಅಂಕೆ ಕೊಡುವ ನಮ್ಮದೇ ಹಳೆಯ ಪದ್ಧತಿ ಕಟಪಯಾದಿಯಲ್ಲಿ ನೋಡಿದ್ದರೆ ಖರ್ಚಿಲ್ಲ. ಶ ಅಂದರೆ 5, ಟ ಅಂದರೆ 1, ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ಮಾತ್ರ ಗಣನೆಗೆ. ಬಲದಿಂದ ಓದಿದರೆ 15. ಕರ್ನಾಟಕ ಸಂಗೀತದ ಹದಿನೈದನೇ ಮೇಳ, ಅಂದರೆ ಮೂಲರಾಗ, ಮಾಯಾಮಾಳವಗೌಳ, ಮೊದಲ ಪಾಠದ ರಾಗ. ಲಿಪಿ ಬದಲಾದರೆ ಗ್ರಹಗತಿಯೂ ಬದಲಾಗುತ್ತದೆ ಎಂದಾಯಿತು.

ತಮಾಷೆಯೆಂದರೆ ಡೊಂಬಿವಲಿ ಸ್ಟೇಶನ್ನಿನ ಹೆಸರಿನಲ್ಲೇ ಸಂಖ್ಯೆಗಳಿವೆ. ಬ್ರಿಟಿಷರ ಜಿಐಪಿ ರೈಲಿನ ಕಾಲದಲ್ಲಿ ಇದು ಡೆಮ್ಲೋ. ನಾಸಿಕ ಹತ್ತಿರದ ದೇವಳಾಲಿಯ ಶಾಲೆಯಲ್ಲಿ 1930ರಿಂದ 1962ರವರೆಗೆ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಇಲ್ಲಿ ಹೊಳೆದ ಸಂಖ್ಯೆಗಳಿಗೆ ‘ಡೆಮ್ಲೋ ಸಂಖ್ಯೆ’ ಎಂದರು. 11ರ ವರ್ಗ 121, 111ರದ್ದು 12321. ಹೀಗೆ ಒಂಬತ್ತು ಒಂದುಗಳ ತನಕ ಹತ್ತಿ ಇಳಿಯುವ ಮೆಟ್ಟಿಲು: 12345678987654321. ಹತ್ತನೇ ಒಂದು ಸೇರಿದ ಕೂಡಲೇ ದಶಕ ಪಕ್ಕದ ಮನೆಗೆ ದಾಟಿ, ನಡುವೆ 7900 ಎಂದು ಚೆದುರುತ್ತದೆ. ತುಂಬಿದ ಲೋಕಲ್ಲಿಗೆ ಇನ್ನೊಬ್ಬ ಹತ್ತಿದಂತೆ.

ಅದೇ ಮೇಷ್ಟ್ರು 1949ರಲ್ಲಿ ಕಂಡದ್ದು 6174. ನಂಬರಿನ ನಾಲ್ಕು ಅಂಕೆಗಳನ್ನು ಇಳಿಕೆಯಲ್ಲಿ ಬರೆದು, ಅದರಿಂದ ಏರಿಕೆಯಲ್ಲಿ ಬರೆದದ್ದನ್ನು ಕಳೆಯಿರಿ. ಉತ್ತರಕ್ಕೂ ಹಾಗೇ ಮಾಡಿ. ಏಳು ಹೆಜ್ಜೆಯೊಳಗೆ 6174. ಇಂಗ್ಲಿಷಿನಲ್ಲಿ ‘ಬಾಸ್’ ಎಂದು ಓದಿಸುವ 8055: 7992, 7173, 6354, 3087, 8352, 6174. ಮರಾಠಿಯಲ್ಲಿ ‘ದಾದಾ’ ಆಗುವ 4141: 3267, 5265, 3996, 6264, 4176, 6174. ಬಾಸ್‌ಗೂ ದಾದಾಗೂ ಆರಾರೇ ಹೆಜ್ಜೆ. (ಅಂಕೆ ತಿರುಚಿ ಅಕ್ಷರ ಮಾಡುವುದು ಕಾನೂನಿಗೆ ವಿರುದ್ಧ, 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಸುರಕ್ಷಾ ನಂಬರ್ ಪ್ಲೇಟು ಬಂದ ಮೇಲೆ ದಾದಾ ಬರೀ ನಾಲ್ಕು ಸಾವಿರದ ನೂರಾ ನಲವತ್ತೊಂದು.) 6 ಲಕ್ಷದ 0001ಕ್ಕೆ ಐದು ಹೆಜ್ಜೆ: 0999, 8991, 8082, 8532, 6174. ಮುಂದಿನ ಸೊನ್ನೆ ನುಂಗಬೇಡಿ. 999 ಎಂದು ಬರೆದರೆ ಮರುಹೆಜ್ಜೆಗೇ ಎಲ್ಲ ಸೊನ್ನೆ.

ಮಾಯವೇನಿಲ್ಲ. ಮೊದಲ ಕಳೆಯುವಿಕೆಯಲ್ಲೇ 9990 ಪ್ಲೇಟುಗಳು 54 ಉತ್ತರಗಳಿಗೆ ಕುಗ್ಗುತ್ತವೆ, ಎಲ್ಲವೂ 9ರ ಗುಣಕ. ಹೊರಗುಳಿಯುವವು ಒಂಬತ್ತೇ: 1111, 2222ರಿಂದ 9999. ಅವುಗಳಿಂದ ಅವನ್ನೇ ಕಳೆದರೆ ಸೊನ್ನೆ, ಮುಂದೆ ದಾರಿಯಿಲ್ಲ. ಲಕೋಟೆಗಳು ಕಾದಾಡುವುದು ಇವುಗಳಿಗೇ.

ಇದನ್ನೆಲ್ಲ ಶೆಟ್ರಿಗೆ ವಿವರಿಸಿದರೆ ಗಮನವಿಟ್ಟು ಕೇಳುತ್ತಾರೆ. ಕೇಳಿ, 6174 ಕೂಡಿದರೆ 18, ಅಂದರೆ 9, ಎಂದು ಬೆರಳಲ್ಲೇ ಎಣಿಸುತ್ತಾರೆ. “ಒಳ್ಳೆ ನಂಬರು ಮಾರಾಯ್ರೆ. ಒಂದೇ ಹೆಜ್ಜೆಗೆ ಅದು ಸಿಗುವ ನಂಬರು ಯಾವುದಾದ್ರೂ ಉಂಟಾ? ಅದಕ್ಕೆ ಎಷ್ಟು ಎಕ್ಸ್‌ಟ್ರಾ?”