ಭಯಕ್ಕೆ ಹತ್ತು ಅಂಕ

ಅಕ್ಟೋಬರಿನಲ್ಲಿ ಮುಂಬಯಿಯ ಮಳೆ ಹಿಂದೆ ಸರಿದು, ಬಿಸಿಲು 35 ಡಿಗ್ರಿಯ ಆಸುಪಾಸಿಗೆ ಏರಿ, ಡೊಂಬಿವಲಿ ಲೋಕಲ್ಲಿನಿಂದ ಇಳಿದವರ ಅಂಗಿ ಬೆನ್ನಿಗಂಟಿರುತ್ತದೆ. ಇದೇ ತಿಂಗಳಲ್ಲಿ ನಮ್ಮವರ ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕುಳಿತು, ಕೊರೆಯುವ ಚಳಿಯಲ್ಲಿ ಎಲೆಗಳು ಉದುರುವುದನ್ನೂ ಮಂಜಿನ ನಡುವೆ ದೆವ್ವ ಸುಳಿಯುವುದನ್ನೂ ವರ್ಣಿಸಿ ಹ್ಯಾಲೋವೀನ್ ಎಂಬ ಪಾಶ್ಚಾತ್ಯರ ದೆವ್ವದ ಹಬ್ಬಕ್ಕೆ ಪದ್ಯ ಬರೆಯುತ್ತಾರೆ. ಕಿಟಕಿಯಾಚೆಯ ಮರ ಹಸಿರಾಗಿಯೇ ಇದೆಯಲ್ಲ ಎಂದವನಿಗೆ ಕಲ್ಪನಾಶಕ್ತಿ ಸಾಲದು.

ಪದ್ಯಕ್ಕೊಂದು ವರ್ಕ್‌ಶೀಟ್ ಇದೆ. ಬಾವಲಿ, ಮಾಟಗಾತಿ, ಗೋರಿ, ಹುಣ್ಣಿಮೆ ಮುಂತಾದ ಪದಗಳ ಪಟ್ಟಿಯಿಂದ ಐದನ್ನಾದರೂ ಬಳಸಬೇಕು, ಪ್ರತಿಯೊಂದಕ್ಕೂ ಭಯಾನಕ ವಿಶೇಷಣವನ್ನು ಜೋಡಿಸಬೇಕು, ಕೊನೆಯ ಸಾಲಿಗೆ ಓದುಗ ಬೆಚ್ಚಿಬೀಳಬೇಕು. ಭಯಕ್ಕೆ ಹತ್ತು ಅಂಕ, ಪ್ರಾಸಕ್ಕೆ ಐದು. ಇಷ್ಟು ಶಿಸ್ತನ್ನು ಕಂಡರೆ ಊರಿನ ದೆವ್ವಗಳೂ ಈ ತರಗತಿಗೆ ಅರ್ಜಿ ಹಾಕಿಯಾವು.

ಅಕ್ಟೋಬರ್ 31ರ ಹಬ್ಬದ ಮೇಲೆ ನನಗೆ ಹಗೆಯಿಲ್ಲ. ಸುಗ್ಗಿ ಮುಗಿದು ಚಳಿಗಾಲದ ಕತ್ತಲೆ ಕವಿಯುವ ಹೊತ್ತಿಗೆ ಸತ್ತವರು ಮರಳುತ್ತಾರೆಂದು ನಂಬಿದ್ದ ಐರ್ಲೆಂಡಿನ ಜನ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಹೇರಳವಾಗಿದ್ದ ಕುಂಬಳಕಾಯಿಯನ್ನು ಕೊರೆದರು. ಅವರು ಸಿಕ್ಕಿದ ತರಕಾರಿಗೆ ತಮ್ಮ ಭಯವನ್ನು ಹೊಂದಿಸಿಕೊಂಡರು. ಮುಂಬಯಿಗೆ ವಲಸೆ ಬಂದ ನಾವಾದರೋ ನಮ್ಮ ಭಯವನ್ನು ಊರಲ್ಲೇ ಬಿಟ್ಟುಬಂದು, ವಾಶಿ ಮಾರುಕಟ್ಟೆಯ ಕುಂಬಳಕಾಯಿಯೊಳಗೆ ಅವರ ಭಯವನ್ನು ತುಂಬುತ್ತಿದ್ದೇವೆ.

ಅಜ್ಜಿ ಕೊಳ್ಳಿದೆವ್ವದ ಕತೆ ತೆಗೆದರೆ "ಅತ್ತೆ, ಮಗು ರಾತ್ರಿ ಹೆದರುತ್ತದೆ, ಈ ಮೂಢನಂಬಿಕೆಯೆಲ್ಲ ಹೇಳಬೇಡಿ" ಎಂದು ತಡೆಯುವ ಮನೆಯೇ ದೆವ್ವದ ಪದ್ಯದ ಶಿಬಿರಕ್ಕೆ ಶುಲ್ಕ ಕಟ್ಟಿ ರಸೀದಿ ಪಡೆಯುತ್ತದೆ. ಮಹಾಲಯ ಅಮಾವಾಸ್ಯೆಯಂದು ಗ್ಯಾಲರಿಯಲ್ಲಿ ಅನ್ನವಿಟ್ಟು ಅಪ್ಪ ಕಾಗೆಯನ್ನು ಕರೆದದ್ದನ್ನು ಕಂಡ ಮಗುವಿಗೆ, ಸತ್ತವರ ಋತು ಇದೇ ಮನೆಯಲ್ಲಿ ಕೆಲವು ವಾರಗಳ ಹಿಂದಷ್ಟೇ ಬಂದುಹೋಯಿತೆಂದು ಹೇಳುವವರಿಲ್ಲ.

ಕಳೆದ ವರ್ಷ ಉಡುಪಿ ಮೂಲದ ಹುಡುಗನೊಬ್ಬ ಅಜ್ಜನ ಊರಿನವರು ದೈವವೆಂದು ನಂಬುವ ಭೂತದ ಕುರಿತು ಬರೆದ. ಅದು ಕಾಲಿಗೆ ಗಗ್ಗರ ಕಟ್ಟಿ ಕುಣಿಯುತ್ತದೆ, ಸೀಯಾಳ ಕುಡಿಯುತ್ತದೆ, ಅಣ್ಣತಮ್ಮಂದಿರ ಜಾಗದ ತಕರಾರನ್ನು ತೀರ್ಮಾನಿಸಿ, ಮುಂಬಯಿಯಿಂದ ಬಂದವರ ಯೋಗಕ್ಷೇಮವನ್ನೂ ವಿಚಾರಿಸುತ್ತದೆ. ಪದ್ಯ ಚೆನ್ನಾಗಿಯೇ ಇತ್ತು. ಪಟ್ಟಿಯ ಪದ ಒಂದೂ ಇಲ್ಲವೆಂದು ಷರಾ ಬರೆದ ಶಿಕ್ಷಕಿ ಭಯಕ್ಕೆ ಸೊನ್ನೆ ಕೊಟ್ಟರು. ಈ ಬಾರಿ ಅವನ ತಂದೆ ಶನಿವಾರದ ಟ್ಯೂಷನ್ ಗೊತ್ತುಮಾಡಿದ್ದಾರೆ. ಹುಡುಗ ಉಳಿದೆಲ್ಲ ವಿಷಯಗಳಲ್ಲಿ ಮುಂದಿದ್ದರೂ ಭಯದಲ್ಲಿ ಸ್ವಲ್ಪ ಹಿಂದಂತೆ.