ಸೀಗರ್ ಹಾಡಿದ್ದು ಯಾರ ಹಾಡು?

ಪ್ರಶ್ನೆ: ಊರೂರಿನ ಜನಪದ ಹಾಡುಗಳನ್ನು ಎತ್ತಿಕೊಂಡು ಲೋಕಕ್ಕೆಲ್ಲ ಹಾಡಿದ ಅಮೆರಿಕದ ಪೀಟ್ ಸೀಗರ್ (1919–2014) ಆ ಹಾಡುಗಳಿಗೆ ಒಳ್ಳೆಯದನ್ನೇ ಮಾಡಿದರೇ?

ಪರ

ಈ ಪಕ್ಷವನ್ನು ನನಗೆ ಒಪ್ಪಿಸಿದ್ದಾರೆ. ಪೂರ್ತಿ ನನ್ನ ಮಾತೇ ಅಂತ ಹೇಳಲಾರೆ. ಆದರೆ ಸೀಗರ್ ದನಿ ಕೇಳಿದಾಗಲೆಲ್ಲ ಇದೇ ಸರಿ ಅನಿಸುತ್ತದೆ.

ಅವರು ಹಾಡುವಾಗ ಜನ ಸುಮ್ನೆ ಕೂತಿರುವಂತಿರಲಿಲ್ಲ. ಬ್ಯಾಂಜೊ ನುಡಿಸುತ್ತಾ ಮುಂದಿನ ಸಾಲನ್ನು ಮೊದಲೇ ಹೇಳಿಕೊಡುತ್ತಿದ್ದರು, ಸಭೆಯೆಲ್ಲ ಎತ್ತಿ ಹಾಡುತ್ತಿತ್ತು. ನಮ್ಮ ಭಜನೆ ಮನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಹಿಂದೆಯೇ ಹಾಡುವ ಹಾಗೆ. ಹಾಡು ಬದುಕುವುದು ಹಾಗೆ ಬಾಯಿಂದ ಬಾಯಿಗೆ ಹೋದಾಗಲೇ ಅಲ್ವಾ?

ತಾನು ನಂಬಿದ್ದಕ್ಕೆ ಅವರು ಬೆಲೆಯನ್ನೂ ತೆತ್ತರು. 1955ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಕಮ್ಯುನಿಸ್ಟ್ ನಂಟಿನ ಬಗ್ಗೆ ಕೇಳಿದಾಗ ಉತ್ತರ ಕೊಡಲು ಒಪ್ಪಲಿಲ್ಲ. 1961ರಲ್ಲಿ ಒಂದು ವರ್ಷದ ಜೈಲುಶಿಕ್ಷೆಯಾಯಿತು, ಮರುವರ್ಷ ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ಟಿವಿಯವರು ವರ್ಷಗಟ್ಟಲೆ ಕರೆಯಲಿಲ್ಲ. ಅವರು ಕಾಲೇಜು, ಮಕ್ಕಳ ಶಿಬಿರ ಅಂತ ಹಾಡುತ್ತಲೇ ಇದ್ದರು.

‘ವಿ ಶಲ್ ಓವರ್‌ಕಮ್’ ನೋಡಿ. ಅಮೆರಿಕದ ದಕ್ಷಿಣದ ಚಾರ್ಲ್ಸ್‌ಟನ್ ಊರಿನಲ್ಲಿ ಮುಷ್ಕರ ಹೂಡಿದ್ದ ತಂಬಾಕು ಕಾರ್ಖಾನೆಯ ಕಪ್ಪು ಹೆಂಗಸರು ಹಾಡುತ್ತಿದ್ದ ಹಾಡು ಅದು. ಸೀಗರ್ ಮತ್ತು ಗೆಳೆಯರು ಅದನ್ನು ಹಬ್ಬಿಸಿದರು. ನಮ್ಮ ಶಾಲೆಯ ಮಕ್ಕಳೂ ‘ಹಮ್ ಹೋಂಗೆ ಕಾಮಯಾಬ್’ ಅಂತ ಅದನ್ನೇ ಹಾಡುತ್ತಾರೆ. ಹಾಡಿನ ಹಕ್ಕು ಸೀಗರ್ ಹೆಸರಿನಲ್ಲೂ ಇತ್ತು, ನಿಜ. ಆದರೆ ಅದರ ರಾಯಲ್ಟಿಯನ್ನು ಅವರು ಇಟ್ಟುಕೊಳ್ಳಲಿಲ್ಲ. ದಕ್ಷಿಣದ ಕಪ್ಪು ಜನರ ಕೆಲಸಕ್ಕೆಂದು ಮಾಡಿದ ನಿಧಿಗೆ ಹೋಯಿತು. ವಿರೋಧ ಬರೆಯುವವರು ಇದಕ್ಕೆ ಉತ್ತರ ಕೊಡಲಿ.

ವಿರೋಧ

ನಿಧಿಗೆ ದುಡ್ಡು ಹಾಕಿದರೆ ಆಗಿಹೋಯಿತೇ? ಹುಂಡಿಗೆ ಕಾಣಿಕೆ ಹಾಕಿದವರೆಲ್ಲ ಋಣ ತೀರಿಸಿದ ಹಾಗೆಯೇ? ನಾನು ಆಡುತ್ತಿರುವುದು ದುಡ್ಡಿನ ಮಾತಲ್ಲ, ಹೆಸರಿನ ಮಾತು.

ಸಾಲೊಮನ್ ಲಿಂಡಾ. ಈ ಹೆಸರು ಎಷ್ಟು ಜನಕ್ಕೆ ಗೊತ್ತು? ದಕ್ಷಿಣ ಆಫ್ರಿಕಾದ ಜುಲು ಹಾಡುಗಾರ. 1939ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ‘ಎಂಬುಬೆ’ ಅನ್ನೋ ಹಾಡನ್ನು ರೆಕಾರ್ಡ್ ಮಾಡಿದರು. ಎಂಬುಬೆ ಅಂದರೆ ಸಿಂಹ. ಆ ಪ್ಲೇಟು ಸೀಗರ್ ಕೈಗೆ ಬಂತು. ಹಾಡಿನಲ್ಲಿ ಬರುವ ‘ಉಯಿಂಬುಬೆ’ ಅನ್ನುವುದು ಅವರ ಕಿವಿಗೆ ‘ವಿಮೊವೆ’ ಅಂತ ಕೇಳಿಸಿತು. ಅವರ ವೀವರ್ಸ್ ತಂಡ ಹಾಗೇ ಹಾಡಿತು, ಹಾಡು ಗೆದ್ದಿತು. ಬರೆದವರ ಜಾಗದಲ್ಲಿ ಲಿಂಡಾ ಹೆಸರಿರಲಿಲ್ಲ. ಅದೇ ರಾಗ ಮುಂದೆ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಗಿ ಲೋಕವೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಮಕ್ಕಳಿಗೆ ನ್ಯಾಯ ಅನ್ನುವಂಥದ್ದು ಸಿಕ್ಕಿದ್ದು 2006ರಲ್ಲಿ.

ಸೀಗರ್ ಕೆಟ್ಟವರಲ್ಲ. ಲಿಂಡಾಗೆ 1000 ಡಾಲರ್ ಕಳಿಸಿದ್ದರು. ಆದರೆ ಒಂದು ಹಾಡನ್ನು ಜನಪದ ಅಂದುಬಿಟ್ಟರೆ ಕಟ್ಟಿದವರನ್ನು ಯಾರೂ ಹುಡುಕುವುದಿಲ್ಲ. ಇದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮಜ್ಜಿ ಸೋಬಾನೆ ಪದ ಹೇಳುತ್ತಿದ್ದರು. ಊರಲ್ಲಿ ಯಾರ ಮದುವೆಯಾದರೂ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಅವರೇ ಬೇಕು. ಹಳೆಯ ಪದಗಳ ಜೊತೆ ತಾವೇ ಕಟ್ಟಿದವೂ ಇದ್ದವು. ಒಂದರಲ್ಲಿ ಅವರ ತವರಿನ ಕೆರೆ ಬರುತ್ತದೆ, ಏರಿ ಮೇಲಿನ ಹೊಂಗೆ ಮರ ಬರುತ್ತದೆ. ಒಂದು ಬೇಸಿಗೆ ಇಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದರು. ಅಜ್ಜಿ ಎರಡು ಮಧ್ಯಾಹ್ನ ಜಗಲಿ ಮೇಲೆ ಕೂತು ಹಾಡಿದರು. ಮುದ್ದೆ ಸಾರು ಬಡಿಸಿ ಕಳಿಸಿದರು.

ಮೂರು ವರ್ಷದ ಮೇಲೆ ಪಕ್ಕದೂರಿನ ಮದುವೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಮೈಕಿನಲ್ಲಿ ಆ ಪದ ಬಂತು. ದನಿ ಬೇರೆ, ಜೊತೆಗೆ ತಬಲ, ಕೀಬೋರ್ಡು. ಆದರೆ ಅದೇ ಕೆರೆ, ಅದೇ ಹೊಂಗೆ ಮರ. ಅಜ್ಜಿ ಎಲೆ ಮುಂದಿನಿಂದ ಎದ್ದರು. ಕೈ ತೊಳೆದು ಸೀದಾ ಮೈಕ್ ಸೆಟ್ಟಿನ ಹುಡುಗನ ಹತ್ತಿರ ಹೋಗಿ ಕ್ಯಾಸೆಟ್ಟಿನ ಡಬ್ಬಿ ಇಸಕೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟರು.

“ಯಾರ ಹೆಸ್ರು ಹಾಕವ್ರೆ ನೋಡು ಮಗ.”

“ಸಾಹಿತ್ಯ: ಜನಪದ” ಅಂತ ಓದಿದೆ.

“ಅದ್ಯಾರು?” ಅಂದರು.